ಕಲ್ಲಿನ ಸಾಲು, ಪದ್ಯದ ಸಾಲು

ಬಾದಾಮಿಯ ಕೆರೆಯ ಈಶಾನ್ಯಕ್ಕೆ ಎದ್ದುನಿಂತ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಆಸುಪಾಸಿನದೆಂದು ವಿದ್ವಾಂಸರು ಎಣಿಸಿರುವ ಈ ಬರಹದಲ್ಲಿ ಐದು ಪದ್ಯಗಳುಂಟು. ಎರಡನೆಯದು ಸಂಸ್ಕೃತ ಶ್ಲೋಕ. ಕೊನೆಯ ಮೂರು ಕನ್ನಡದ ತ್ರಿಪದಿ. ತ್ರಿಪದಿಯ ಹಳೆಯ ಉದಾಹರಣೆಯೆಂದು ಶಾಲೆಯ ಪುಸ್ತಕದಲ್ಲಿ ಇದರ ಹೆಸರನ್ನು ಕೇಳದವರು ಕಡಮೆ. ಆದರೆ ಪುಸ್ತಕದಲ್ಲಿ ಓದಿ ಬಂದು ಬಂಡೆಯ ಮುಂದೆ ನಿಂತವನಿಗೆ ಸಣ್ಣದೊಂದು ಗಲಿಬಿಲಿಯಾಗುತ್ತದೆ. ಪುಸ್ತಕದಲ್ಲಿ ಮೂರು ಮೂರು ಸಾಲಾಗಿ ನಿಂತಿದ್ದ ಪದ್ಯಗಳು ಅಲ್ಲಿ ಹಾಗಿಲ್ಲ. ಇಡಿಯ ಶಾಸನಕ್ಕೆ ಇರುವುದೇ ಹತ್ತು ಸಾಲು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ದೇವಾಲಯದ ಗೋಡೆಯ ಮೇಲೆ, ಇದು ಇನ್ನೂ ಎದ್ದುಕಾಣುತ್ತದೆ. ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವ ರವಿಕೀರ್ತಿಯ ಪ್ರಶಸ್ತಿ ಶಕ 556ರದು, ಎಂದರೆ ಕ್ರಿ.ಶ. 634ರದು. ಅದರ ಮೂವತ್ತೇಳು ಪದ್ಯಗಳು ಹತ್ತೊಂಬತ್ತು ಸಾಲುಗಳಲ್ಲಿ ಅಡಗಿವೆ. ಪದ್ಯ ಮುಗಿದದ್ದು ಒಂದು ಕಡೆ, ಸಾಲು ಮುಗಿದದ್ದು ಇನ್ನೊಂದು ಕಡೆ.

ಕವಿ ಕಟ್ಟಿದ್ದು ಪದ್ಯ, ಕಂಡರಿಸಿದವನು ಕಂಡದ್ದು ಕಲ್ಲಿನ ಅಗಲ. ಇವೆರಡರಲ್ಲಿ ಯಾವುದನ್ನು ನಿಜವಾದ ಶಾಸನವೆನ್ನೋಣ? ಛಂದಸ್ಸನ್ನು ಅರಸುವವನಿಗೆ ಪದ್ಯ ಬೇಕು. ಲಿಪಿಯನ್ನು ಪರೀಕ್ಷಿಸುವವನಿಗೆ ಸಾಲು ಬೇಕು. ಎರಡೂ ನಿಜ. ತೊಡಕು ಹುಟ್ಟಿದ್ದು ಅಚ್ಚಿನ ಮನೆಯಲ್ಲಿ, ಏಕೆಂದರೆ ಅಚ್ಚಾದ ಪುಟಕ್ಕೆ ಒಂದೇ ಮುಖ.

ಕಪ್ಪೆ ಅರಭಟ್ಟನ ಶಾಸನವನ್ನು ಫ್ಲೀಟ್ ಸಾಹೇಬರು 1881ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಗ ಈ ಸೀಮೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. ಬಳಿಕ ವಿಜಾಪುರವಾಯಿತು, 1997ರಿಂದ ಬಾಗಲಕೋಟೆ. ಐಹೊಳೆಯ ಪ್ರಶಸ್ತಿಯನ್ನೂ ಫ್ಲೀಟರೇ ಮೊದಲು ಸಂಪಾದಿಸಿದ್ದರು. ಅನಂತರ ಕೀಲ್‌ಹಾರ್ನ್ ಪಂಡಿತರು 'ಎಪಿಗ್ರಾಫಿಯಾ ಇಂಡಿಕಾ'ದ ಆರನೆಯ ಸಂಪುಟಕ್ಕಾಗಿ ಅದನ್ನು ಮತ್ತೆ ಪರಿಷ್ಕರಿಸಿದರು. ಅತ್ತ ಮೈಸೂರಿನಲ್ಲಿ ರೈಸರು 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಒಂದೇ ಪಾಠವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಇನ್ನೊಮ್ಮೆ ಮೊಳೆ ಜೋಡಿಸಿ ಅಚ್ಚುಹಾಕಿಸಿದರು. ಆ ದುಡಿಮೆಗೆ ಕೈಮುಗಿಯಬೇಕು. ಆದರೂ ಒಂದು ಕಡೆ ಅಕ್ಷರ ತಪ್ಪಿದರೆ ಇನ್ನೊಂದು ಕಡೆಗೆ ಅದರ ಸುದ್ದಿಯಿಲ್ಲ.

ಸಾಲಿನದಕ್ಕಿಂತ ಗಹನವಾದ ತೊಡಕು ಬೇರೊಂದಿದೆ. ಕಲ್ಲು ಸವೆದ ಕಡೆ, ಚಕ್ಕೆ ಎದ್ದ ಕಡೆ, ಸಂಪಾದಕನು ಹಿಂದುಮುಂದು ನೋಡಿ ಅಕ್ಷರವನ್ನು ಊಹಿಸಿ ತುಂಬುತ್ತಾನೆ. ಅದು ಊಹೆಯೆಂದು ತಿಳಿಸಲು ಕಂಸ ಹಾಕುತ್ತಾನೆ. ನಮ್ಮ ಶಾಸನ ಪತ್ರಿಕೆಗಳಲ್ಲಿ ಕಂಸದ ವಾಡಿಕೆ ಸಂಪಾದಕರಿಂದ ಸಂಪಾದಕರಿಗೆ ಬದಲಾಗುತ್ತಿತ್ತು. ಗ್ರೀಕ್, ಲ್ಯಾಟಿನ್ ಬರಹಗಳನ್ನು ಓದುವ ಪಂಡಿತರು 1931ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಸೇರಿ ಒಂದು ಒಪ್ಪಂದಕ್ಕೆ ಬಂದರು: ಅಳಿದುಹೋಗಿ ಸಂಪಾದಕನು ತುಂಬಿದ್ದಕ್ಕೆ ಚೌಕ ಕಂಸ, ಸಂಶಯದ ಅಕ್ಷರದ ಕೆಳಗೆ ಚುಕ್ಕೆ, ಹೀಗೆ. ಕಲ್ಲು ಹೇಳಿದ್ದೆಷ್ಟು, ಪಂಡಿತ ಹೇಳಿದ್ದೆಷ್ಟು ಎಂಬ ಗಡಿಯನ್ನು ಕಾಯುತ್ತಿದ್ದುದು ಈ ಕಂಸ ಮಾತ್ರ.

ಗಣಕಯಂತ್ರ ಬಂದ ಮೇಲೆ ಈ ಗಡಿಗೆ ಬೇರೊಂದು ಕಾವಲು ದೊರೆಯಿತು. ಪಾಠಗಳನ್ನು ಯಂತ್ರಕ್ಕೆ ತಿಳಿಯುವಂತೆ ಗುರುತಿಸುವ 'ಟಿಇಐ' ಎಂಬ ಯತ್ನ 1987ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 1998ರ ಫೆಬ್ರವರಿಯಲ್ಲಿ 'ಎಕ್ಸ್‌ಎಂಎಲ್' ಎಂಬ ಗುರುತಿನ ಭಾಷೆ ಅಧಿಕೃತವಾಯಿತು. ಸುಮಾರು 2000ದಲ್ಲಿ ಟಾಮ್ ಎಲಿಯಟ್ ಮೊದಲಾದವರು ಇವೆರಡನ್ನೂ ಶಾಸನಗಳಿಗೆ ಹೊಂದಿಸಿ 'ಎಪಿಡಾಕ್' ಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಕಂಸವನ್ನು ಬರೆಯುವುದಿಲ್ಲ. 'ಇದು ಸಂಪಾದಕನು ತುಂಬಿದ್ದು, ಕಾರಣ ಅಳಿವು' ಎಂಬ ಅರ್ಥದ 'ಸಪ್ಲೈಡ್' ಗುರುತಿನೊಳಗೆ ಆ ಅಕ್ಷರಗಳನ್ನು ಇಡುತ್ತಾರೆ. ಪದ್ಯಕ್ಕೆ ಪದ್ಯದ ಗುರುತು. ಅದರ ನಡುವೆ ಕಲ್ಲಿನ ಸಾಲು ಮುರಿದಲ್ಲಿ 'ಎಲ್‌ಬಿ' ಎಂಬ ಮೈಲಿಗಲ್ಲು. ಸಾಲು ಪದದ ನಡುವೆಯೇ ಮುರಿದಿದ್ದರೆ ಅದನ್ನೂ ಹೇಳಬಹುದು. ಹೇಗೆ ಕಾಣಬೇಕೆಂಬ ಮಾತು ಇಲ್ಲಿ ಇಲ್ಲವೇ ಇಲ್ಲ.

ಕಾಣಿಸುವ ಕೆಲಸ 'ಸ್ಟೈಲ್‌ಶೀಟ್'ನದು. ಅದನ್ನು ಬರೆಯುವ 'ಎಕ್ಸ್‌ಎಸ್‌ಎಲ್‌ಟಿ' ಭಾಷೆ ಜೇಮ್ಸ್ ಕ್ಲಾರ್ಕರ ಸಂಪಾದಕತ್ವದಲ್ಲಿ 1999ರ ನವೆಂಬರ್ 16ರಂದು ಹೊರಬಂದಿತು. ನಮ್ಮ ಇಳಕಲ್ಲಿನ ಮಗ್ಗವನ್ನು ಬಲ್ಲವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಇಲ್ಲಿಯೂ ಪಾಠದ ಕಡತ ಬೇರೆ, ಸ್ಟೈಲ್‌ಶೀಟ್ ಬೇರೆ. 'ಎಲ್‌ಬಿ ಕಂಡಲ್ಲಿ ಹೊಸ ಸಾಲು ಹಿಡಿ, ಅಂಕಿ ಹಾಕು' ಎಂದು ಒಂದು ನಿಯಮ ಬರೆದರೆ ಜಾಲಪುಟದಲ್ಲಿ ಬಂಡೆಯ ಹತ್ತು ಸಾಲು ಮೂಡುತ್ತವೆ. 'ಎಲ್‌ಬಿಯನ್ನು ಬಿಟ್ಟು ನಡೆ, ಪದ್ಯದ ಪಾದಕ್ಕೆ ಹೊಸ ಸಾಲು ಹಿಡಿ' ಎಂದು ಬರೆದರೆ ತ್ರಿಪದಿ ತ್ರಿಪದಿಯಾಗಿಯೇ ನಿಲ್ಲುತ್ತದೆ. ಪಾಠವನ್ನು ಬರೆದದ್ದು ಒಮ್ಮೆ, ತಿದ್ದುವುದೂ ಒಂದೇ ಕಡೆ.

ಆದರೆ ಈ ಭಾಷೆಯಲ್ಲಿ ಹುಟ್ಟಿನಿಂದ ಬಂದ ಗುಣವೊಂದಿದೆ. ಅದನ್ನು ಮರೆತರೆ ಕೆಡುಕು. ಯಾವುದಾದರೊಂದು ಗುರುತಿಗೆ ನಿಯಮ ಬರೆಯದಿದ್ದರೆ ಯಂತ್ರ ನಿಲ್ಲುವುದಿಲ್ಲ, ದೂರುವುದಿಲ್ಲ. ಗುರುತನ್ನು ಕಳಚಿ, ಒಳಗಿನ ಅಕ್ಷರಗಳನ್ನು ಹಾಗೆಯೇ ಹೊರಗೆ ಬಿಡುತ್ತದೆ. ತಪ್ಪನ್ನೂ ಅದರ ತಿದ್ದುಪಡಿಯನ್ನೂ ಜೋಡಿಯಾಗಿ ಇಟ್ಟಿದ್ದರೆ ಎರಡೂ ಒಂದರ ಬೆನ್ನಿಗೆ ಒಂದು ಬಂದುಬಿಡುತ್ತವೆ. ಅದು ಅಸಂಬದ್ಧವಾಗಿ ಕಾಣುವುದರಿಂದ ಯಾರಾದರೂ ಹಿಡಿದಾರು. 'ಸಪ್ಲೈಡ್' ಗುರುತಿಗೆ ನಿಯಮ ತಪ್ಪಿದರೆ ಮಾತ್ರ ಹಿಡಿಯುವವರಿಲ್ಲ. ಸಂಪಾದಕನ ಊಹೆ ಕಂಸವಿಲ್ಲದೆ, ಕಲೆಯಿಲ್ಲದೆ, ಕಲ್ಲಿನ ಮಾತೇ ಆಗಿ ಪುಟದ ಮೇಲೆ ಕುಳಿತಿರುತ್ತದೆ. ಕಂಸ ಕಣ್ಣಿಗೆ ಅಡ್ಡವೆಂದು ಸಾಮಾನ್ಯ ಓದುಗರ ಪುಟದಿಂದ ಬೇಕೆಂದೇ ತೆಗೆಯುವವರೂ ಇರಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಬೇಕಾದರೆ ಮಸಿಯ ಬಣ್ಣ ತಿಳಿಯಾಗಿಸಲಿ. ಬೇಧ ಮಾತ್ರ ಉಳಿಯಬೇಕು. ಸಾಮಾನ್ಯ ಓದುಗನಿಗೆ ಕಲ್ಲನ್ನು ಕಾಣುವ ಹಕ್ಕು ಪಂಡಿತನಿಗಿಂತ ಕಡಮೆಯೇನಲ್ಲ.

ಲಿಪಿಯ ಕೆಲಸವೂ ಸ್ಟೈಲ್‌ಶೀಟಿಗೆ ಬರುತ್ತದೆ. ಪಾಠ ರೋಮನ್ ಲಿಪಿಯಲ್ಲಿದ್ದು ಕನ್ನಡದಲ್ಲಿ ಕಾಣಬೇಕಾದರೆ ಒಂದಕ್ಕೊಂದು ಅಕ್ಷರ ಬದಲಿಸುವ ಸರಳ ಉಪಾಯ ಸಾಲದು. ನಮ್ಮ ವ್ಯಂಜನದಲ್ಲಿ ಅಕಾರ ಅಡಗಿರುತ್ತದೆ, ಒತ್ತಕ್ಷರವಿರುತ್ತದೆ. ಮುಂದಿನ ಸ್ವರವನ್ನು ನೋಡಿಯೇ ಹಿಂದಿನ ಅಕ್ಷರವನ್ನು ನಿರ್ಣಯಿಸಬೇಕು. 2007ರ ಎರಡನೆಯ ಆವೃತ್ತಿಯಲ್ಲಿ ಇದಕ್ಕೆ ತಕ್ಕ ಸಾಧನ ದೊರೆಯಿತು. ಹಳಗನ್ನಡದ ೞ ಅಕ್ಷರದ್ದು ಒಂದು ತಮಾಷೆ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ಕಟ್ಟಳೆಯಾದುದರಿಂದ, ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿ ಸಮಾಧಾನಪಟ್ಟಿದ್ದಾರೆ!

2019ರಲ್ಲಿ ಐರೋಪ್ಯ ಸಂಶೋಧನಾ ಮಂಡಳಿಯ ನೆರವಿನಿಂದ ತೊಡಗಿದ 'ಧರ್ಮ' ಯೋಜನೆಯವರು ವೆಂಗಿಯ ಚಾಲುಕ್ಯರ ಶಾಸನಗಳನ್ನು ಈ ಪದ್ಧತಿಯಲ್ಲಿ ಬರೆದರು. ಆ ವೆಂಗಿಯ ಶಾಖೆ ಬಾದಾಮಿಯ ಮನೆತನದ ಕವಲೇ, ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ಹೊರಟದ್ದು.

ಇತ್ತ 2025ರಲ್ಲಿ ಕ್ರೋಮ್ ಬ್ರೌಸರಿನವರು ಎಕ್ಸ್‌ಎಸ್‌ಎಲ್‌ಟಿಯನ್ನು ತಮ್ಮ ಬ್ರೌಸರಿನಿಂದ ತೆಗೆಯುವ ಉದ್ದೇಶವನ್ನು ಸಾರಿದರು. ಬ್ರೌಸರುಗಳಲ್ಲಿ ಇದ್ದುದು 1999ರ ಮೊದಲ ಆವೃತ್ತಿ ಮಾತ್ರ. ಶಾಸನದ ಕೆಲಸದವರು 'ಸ್ಯಾಕ್ಸನ್'ನಂಥ ಸಾಧನದಿಂದ ಪುಟವನ್ನು ಮೊದಲೇ ಸಿದ್ಧಪಡಿಸಿ ಇಡಬಲ್ಲರು. ಪಾಠದ ಕಡತದಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಕಾಗಿಲ್ಲ.