ಹಲ್ಲು ಹೆಚ್ಚಿದರೆ ಏರು ಹಗುರ

ಸೈಕಲ್ಲು ತುಳಿದು ಬೆಳೆದವರಿಗೆ ಈ ಅನುಭವ ಹೊಸದಲ್ಲ. ಸಮತಟ್ಟು ರಸ್ತೆಯಲ್ಲಿ ಸರಾಗವಾಗಿ ಓಡಿದ ಸೈಕಲ್ಲು ಏರು ಬಂದೊಡನೆ ಕಲ್ಲಿನಷ್ಟು ಭಾರವಾಗುತ್ತದೆ. ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ ನಾಲ್ಕು ಸುತ್ತು ತುಳಿಯುತ್ತೇವೆ. ಐದನೆಯದಕ್ಕೆ ಕಾಲು ಒಲ್ಲೆನ್ನುತ್ತದೆ. ಮತ್ತೆ ಇಳಿದು ತಳ್ಳುವುದೇ ಗತಿ. ಇಲ್ಲಿ ಸೋತದ್ದು ನಮ್ಮ ಕಾಲೋ, ಸೈಕಲ್ಲಿನ ಲೆಕ್ಕವೋ? ಫ್ರಾನ್ಸಿನಲ್ಲಿ ಈ ಪ್ರಶ್ನೆಯ ಮೇಲೆ ದಶಕಗಳ ಕಾಲ ಜಗಳವೇ ನಡೆಯಿತು. ದುಬಾರಿ ಗಿಯರ್ ಸೈಕಲ್ಲು ಕೊಂಡೂ ಬೆಟ್ಟ ಹತ್ತಲಾರದೆ ಪೇಚಾಡುವವರು ಆ ಜಗಳದಿಂದ ಕಲಿಯುವುದು ಬಹಳವಿದೆ.

ಮೊದಲು ಲೆಕ್ಕವನ್ನು ನೋಡೋಣ. ಪೆಡಲಿನ ಬಳಿ ಒಂದು ಹಲ್ಲುಚಕ್ರ, ಹಿಂದಿನ ಗಾಲಿಗೆ ಇನ್ನೊಂದು. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ನಮ್ಮ ಹಳೆಯ ಕಪ್ಪು ಸೈಕಲ್ಲಿನ ದೊಡ್ಡ ಗಾಲಿಯಲ್ಲಿ ಅದು ಐದು ಮೀಟರಿಗೂ ಹೆಚ್ಚಿನ ದಾರಿ. ಸಮತಟ್ಟಿನಲ್ಲಿ ಇದು ಲಾಭ, ಏರಿನಲ್ಲಿ ಶಿಕ್ಷೆ. ಹಿಂದಿನ ಹಲ್ಲು ಹೆಚ್ಚಿಸಿದರೆ ಅಥವಾ ಮುಂದಿನ ಹಲ್ಲು ಕಡಿಮೆ ಮಾಡಿದರೆ ಒಂದು ಸುತ್ತಿಗೆ ಸಾಗುವ ದೂರ ಇಳಿಯುತ್ತದೆ, ಕಾಲಿನ ಮೇಲಿನ ಒತ್ತಡವೂ ಇಳಿಯುತ್ತದೆ. ಬೆಟ್ಟ ಹತ್ತುವ ಒಟ್ಟು ಕೆಲಸವೇನೂ ಕಡಿಮೆಯಾಗುವುದಿಲ್ಲ. ಒಂದೇ ಗಂಟಿನಲ್ಲಿ ತೀರಿಸಲಾಗದ ಸಾಲವನ್ನು ಸಣ್ಣ ಕಂತುಗಳಲ್ಲಿ ತೀರಿಸಿದಂತೆ, ಅಷ್ಟೆ.

ಇಷ್ಟು ಸರಳವಾದ ಸಂಗತಿಗಾಗಿ ಜೀವಮಾನವಿಡೀ ಹೋರಾಡಿದಾತ ಪಾಲ್ ದ ವಿವಿ. 1853ರಲ್ಲಿ ಹುಟ್ಟಿದ ಈತ ಸೇಂಟ್ ಎಟಿಯೆನ್ ನಗರದಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದ. ಸೈಕಲ್ಲಿನ ಹುಚ್ಚು ಹತ್ತಿ ಆ ವ್ಯಾಪಾರ ಬಿಟ್ಟ. 1887ರಲ್ಲಿ ಸೈಕಲ್ ಅಂಗಡಿ ತೆರೆದು, ಜೊತೆಗೆ ಒಂದು ಪತ್ರಿಕೆಯನ್ನೂ ಹೊರಡಿಸಿದ. 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆದ. ಇಂದಿಗೂ ಸೈಕಲ್ ಪ್ರಿಯರು ಅವನನ್ನು ನೆನೆಯುವುದು ಆ ಹೆಸರಿನಿಂದಲೇ.

ಊರಿನ ಹೊರಗೇ 1161 ಮೀಟರ್ ಎತ್ತರದ ರಿಪಬ್ಲಿಕ್ ಕಣಿವೆ ದಾರಿಯ ಏರು ಇತ್ತು. ಒಮ್ಮೆ ಅಲ್ಲಿ ಏದುಸಿರು ಬಿಡುತ್ತ ತುಳಿಯುತ್ತಿದ್ದ ಅವನನ್ನು, ಅವನದೇ ಪತ್ರಿಕೆಯ ಓದುಗನೊಬ್ಬ ಬಾಯಲ್ಲಿ ಪೈಪು ಕಚ್ಚಿಕೊಂಡು ಆರಾಮವಾಗಿ ಹಿಂದೆ ಹಾಕಿ ಹೋದನಂತೆ. ಆ ಯುವಕನ ಗಿಯರು ಚಿಕ್ಕದಾಗಿತ್ತು. ಏರಿಗೆ ಚಿಕ್ಕ ಗಿಯರು ಬೇಕು, ಸಮತಟ್ಟಿಗೆ ದೊಡ್ಡದು ಬೇಕು ಎಂಬುದು ವಿವಿಗೆ ಅಂದು ಮನದಟ್ಟಾಯಿತು ಎನ್ನುತ್ತಾರೆ. ಪೆಡಲಿನ ಬಳಿ ಎರಡು ಹಲ್ಲುಚಕ್ರ ಜೋಡಿಸಿ, ಏರು ಬಂದಾಗ ಇಳಿದು ಚೈನನ್ನು ಕೈಯಿಂದಲೇ ಎತ್ತಿ ಚಿಕ್ಕದಕ್ಕೆ ಹಾಕುವುದು ಅವನ ಮೊದಲ ಪ್ರಯೋಗಗಳಲ್ಲಿ ಒಂದು. ಕೈ ಮಸಿಯಾಗುತ್ತಿತ್ತು, ಆದರೆ ಬೆಟ್ಟ ಹತ್ತುತ್ತಿತ್ತು.

ಅದೇ ಊರಿನ ಕಾರ್ಖಾನೆಯೊಂದು ಮುಂದೆ ಇನ್ನೊಂದು ಚಮತ್ಕಾರ ಮಾಡಿತು. 'ಹಿರೊಂಡೆಲ್' ಎಂಬ ಅದರ ಸೈಕಲ್ಲಿನಲ್ಲಿ ಪೆಡಲನ್ನು ಮುಂದಕ್ಕೆ ತುಳಿದರೆ ದೊಡ್ಡ ಗಿಯರು, ಹಿಂದಕ್ಕೆ ತುಳಿದರೆ ಚಿಕ್ಕ ಗಿಯರು. ಹೇಗೆ ತುಳಿದರೂ ಸೈಕಲ್ಲು ಮುಂದಕ್ಕೇ ಹೋಗುತ್ತಿತ್ತು! ನೋಡಿದವರು ನಕ್ಕಿರಬೇಕು. ಆದರೆ ಗಿಯರು ಬದಲಿಸಲು ಅದಕ್ಕೆ ಸನ್ನೆ ಬೇಡ, ತಂತಿ ಬೇಡ.

ಯಂತ್ರಕ್ಕಿಂತ ಕಠಿಣವಾದ ಅಡ್ಡಿ ಎಂದರೆ ಅಭಿಮಾನ. 1902ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘ 'ಟೂರಿಂಗ್ ಕ್ಲಬ್' ಪರ್ವತ ದಾರಿಯಲ್ಲಿ ಸೈಕಲ್ಲುಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಎದುವಾರ್ ಫಿಶರ್ ಎಂಬ ವೃತ್ತಿಪರ ಓಟಗಾರ ಒಂದೇ ಗಿಯರಿನ ಸೈಕಲ್ಲು ಏರಿದ್ದ. ಮಾರ್ತ್ ಹೆಸ್ ಎಂಬ ಮಹಿಳೆಯ ಸೈಕಲ್ಲಿಗೆ ಮೂರು ಗಿಯರು. ಮೇಲುಗೈ ಹೆಸ್‌ಳದಾಯಿತು. ದಾರಿಯುದ್ದಕ್ಕೂ ಆಕೆ ಒಮ್ಮೆಯೂ ಕಾಲು ನೆಲಕ್ಕೆ ಊರಲಿಲ್ಲ ಎಂದು ಪತ್ರಿಕೆಗಳು ಬರೆದವು.

ವಾದ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮರುವರ್ಷ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಆರಂಭಿಸಿದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್‌ಗೆ ಗಿಯರು ಎಂದರೆ ತಾತ್ಸಾರ. ಅದೆಲ್ಲ ನಲವತ್ತೈದು ದಾಟಿದವರಿಗೆ, ಸ್ನಾಯುಬಲದಿಂದ ಗೆಲ್ಲುವುದೇ ನಿಜವಾದ ಗೆಲುವು ಎಂಬುದು ಅವನ ನಿಲುವು. 1910ರಲ್ಲಿ ಅದೇ ಸ್ಪರ್ಧೆ ಪಿರೆನೀಸ್ ಪರ್ವತದ ದೊಡ್ಡ ಶಿಖರ ದಾರಿಗಳಿಗೆ ಹೊರಳಿತು. 2115 ಮೀಟರ್ ಎತ್ತರದ ಟೂರ್ಮಾಲೆ ಕಣಿವೆಯನ್ನು ಹತ್ತುವಾಗ, ಆ ವರ್ಷದ ಸ್ಪರ್ಧೆಯನ್ನು ಗೆಲ್ಲಲಿದ್ದ ಆಕ್ಟೇವ್ ಲಪೀಜ್ ಕೂಡ ಅಲ್ಲಲ್ಲಿ ಇಳಿದು ನಡೆಯಬೇಕಾಯಿತು. ದಣಿದು ಕಂಗೆಟ್ಟ ಆತ ಸಂಘಟಕರನ್ನು ಕೊಲೆಗಡುಕರೆಂದು ಜರೆದ ಮಾತು ಇತಿಹಾಸದಲ್ಲಿ ಉಳಿದಿದೆ.

ಅಂದಿನ ಓಟಗಾರರ ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲುಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಇಳಿದು, ನಟ್ಟು ಸಡಿಲಿಸಿ, ಗಾಲಿಯನ್ನು ತಿರುವಿ ಹಾಕಿ ಹೆಚ್ಚು ಹಲ್ಲಿನ ಬದಿಗೆ ಚೈನು ಕೂರಿಸಬೇಕು. ತುದಿ ಮುಟ್ಟಿದ ಮೇಲೆ ಮತ್ತೆ ಅದೇ ಕಸರತ್ತು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ 'ಡಿರೇಲರ್' ಸಾಧನಕ್ಕೆ ಟೂರ್‌ನ ವೃತ್ತಿಪರ ತಂಡಗಳಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ, ದೆಗ್ರಾಂಜ್ ಅನಾರೋಗ್ಯದಿಂದ ಹೊಣೆ ಬಿಟ್ಟ ಬಳಿಕ. ವಿವಿ ಅದನ್ನು ನೋಡಲಿಲ್ಲ. 1930ರಲ್ಲಿ ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದಾಗ ಟ್ರಾಮ್ ಬಡಿದು ಆತ ತೀರಿಕೊಂಡಿದ್ದ.

ಆ ಹಳೆಯ ಅಭಿಮಾನ ಅಂಗಡಿಯ ಸೈಕಲ್ಲಿನಲ್ಲಿ ಇನ್ನೂ ಬಹುಕಾಲ ಬದುಕಿತ್ತು. ಹಗುರವಾದ ರೋಡ್ ಬೈಕುಗಳು ಓಟಗಾರರ ತೊಡೆಗಳಿಗೆ ಹೊಂದುವ ಗಿಯರಿನೊಂದಿಗೇ ಮಾರಾಟವಾದವು. ಮುಂದೆ 39, ಹಿಂದೆ 25 ಹಲ್ಲು ಎಂಬುದೇ ಎಷ್ಟೋ ಸೈಕಲ್ಲುಗಳಲ್ಲಿ ಅತಿ ಹಗುರ ಗಿಯರು. ಆ ಜೋಡಿಯಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 3.3 ಮೀಟರ್ ಸಾಗಬೇಕು. ಮುಂದೆ 34, ಹಿಂದೆ 34 ಆದರೆ 2.1 ಮೀಟರ್ ಸಾಕು. ನಿಮಿಷಕ್ಕೆ ಅರುವತ್ತು ಸುತ್ತು ತುಳಿದರೆ ಮೊದಲನೆಯದರಲ್ಲಿ ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ಏರಬೇಕು, ಎರಡನೆಯದರಲ್ಲಿ ಏಳೂವರೆ ಸಾಕು. ಕಡಿದಾದ ಏರಿನಲ್ಲಿ ಸಾಮಾನ್ಯನಿಗೆ ಎಟುಕುವುದು ಎರಡನೆಯದು.

ಇದಕ್ಕಾಗಿ ಹೊಸ ಸೈಕಲ್ಲು ಕೊಳ್ಳಬೇಕಿಲ್ಲ. ಮೊದಲು ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು ಬದಲಿಸಿ ನೋಡಬೇಕು. ಹೆಚ್ಚಾಗಿ ಎಲ್ಲಕ್ಕಿಂತ ಅಗ್ಗದ ದಾರಿ ಅದೇ. 25ರ ಜಾಗದಲ್ಲಿ 28 ಬಂದರೂ ಕಾಲಿಗೆ ಗೊತ್ತಾಗುತ್ತದೆ. ಇನ್ನೂ ದೊಡ್ಡದು ಬೇಕೆಂದರೆ ಎರಡು ಎಚ್ಚರಿಕೆ. ಡಿರೇಲರ್ ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂದು ಮೊದಲೇ ತಿಳಿಯಬೇಕು. ಚೈನಿಗೂ ಉದ್ದ ಸಾಲಬೇಕು. ಮುಂದಿನ ದೊಡ್ಡದು, ಹಿಂದಿನ ದೊಡ್ಡದು ಎರಡನ್ನೂ ಸುತ್ತಲು ಚೈನು ಸಾಲದಿದ್ದರೆ ಡಿರೇಲರ್ ಕಿತ್ತು ಬರಬಹುದು. ಎಂಟು, ಒಂಬತ್ತು ಗಿಯರಿನ ಹಳೆಯ ಶಿಮಾನೊ ರೋಡ್ ಬೈಕುಗಳಿಗೆ ಅದೇ ಕಂಪನಿಯ ಬೆಟ್ಟದ ಸೈಕಲ್ಲಿನ ಅದೇ ಕಾಲದ ಡಿರೇಲರ್ ಸಾಮಾನ್ಯವಾಗಿ ಹೊಂದುತ್ತದೆ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮುಂದಿನ ಚಕ್ರವನ್ನು ಚಿಕ್ಕದು ಮಾಡಲು ಮಿತಿಯಿದೆ: 39 ಹಲ್ಲಿನ ಹಳೆಯ ಕ್ರ್ಯಾಂಕಿನ ಬೋಲ್ಟುಗಳ ವೃತ್ತದಲ್ಲಿ ಸಾಮಾನ್ಯವಾಗಿ 38ಕ್ಕಿಂತ ಚಿಕ್ಕದು ಕೂರುವುದಿಲ್ಲ. ಅಲ್ಲಿ ಕ್ರ್ಯಾಂಕನ್ನೇ ಬದಲಿಸಬೇಕು. ಆದ್ದರಿಂದ ಅದನ್ನು ಕಡೆಗೆ ಇಟ್ಟುಕೊಳ್ಳುವುದು ಲೇಸು.

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ತಿರುವುಗಳಲ್ಲಿ ನಿಂತರೆ ಈ ಇತಿಹಾಸವೆಲ್ಲ ಕಣ್ಣೆದುರೇ ಹಾದುಹೋಗುತ್ತದೆ. ಹಲ್ಲು ಕಚ್ಚಿ ನಿಂತು ತುಳಿಯುವವರು, ಇಳಿದು ತಳ್ಳುವವರು, ನಡುವೆ ಕೂತಲ್ಲೇ ನಿಧಾನವಾಗಿ ಕಾಲಾಡಿಸುತ್ತ ಮೇಲೇರುವ ನರೆಗೂದಲಿನ ಒಬ್ಬಿಬ್ಬರು. ಚಿಕ್ಕ ಗಿಯರು ಮುದುಕರಿಗೆ ಎಂದ ದೆಗ್ರಾಂಜ್ ಒಂದರ್ಥದಲ್ಲಿ ಸರಿಯೇ. ಮುದುಕರಾಗುವವರೆಗೂ ಬೆಟ್ಟ ಹತ್ತಬೇಕೆನ್ನುವವರಿಗೆ ಅದು ಬೇಕೇ ಬೇಕು.