ಹಬ್ ಮೋಟಾರ್ ಅಳವಡಿಸಿದ ಸೈಕಲ್‌ಗಳು: ಸುರಕ್ಷತಾ ಬಿಡಿಭಾಗಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಸಾಮಾನ್ಯ ಸೈಕಲ್‌ಗೆ ಹಬ್ ಮೋಟಾರ್ ಕಿಟ್ ಅಳವಡಿಸಿಕೊಳ್ಳಲು ಇಚ್ಛಿಸುವ ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ನೋಂದಣಿಯ ಅಗತ್ಯ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 2(ಯು) ಪ್ರಕಾರ, ಪೆಡಲ್ ಸಹಾಯಕ ಸೈಕಲ್ ಈ ಕೆಳಗಿನ ಷರತ್ತುಗಳನ್ನು ಪೂರೈಸಿದಲ್ಲಿ ಅದನ್ನು ಮೋಟಾರು ವಾಹನವೆಂದು ಪರಿಗಣಿಸಲಾಗುವುದಿಲ್ಲ:

ಅ) ಮೋಟಾರಿನ ಮೂವತ್ತು ನಿಮಿಷಗಳ ಸಾಮರ್ಥ್ಯವು 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರತಕ್ಕದ್ದು.
ಆ) ವೇಗವು ಗಂಟೆಗೆ 25 ಕಿ.ಮೀ. ತಲುಪಿದಾಗ ಅಥವಾ ಸವಾರನು ಪೆಡಲ್ ತುಳಿಯುವುದನ್ನು ನಿಲ್ಲಿಸಿದಾಗ ಮೋಟಾರು ನಿಲ್ಲತಕ್ಕದ್ದು.
ಇ) ಸೂಕ್ತ ಬ್ರೇಕುಗಳು, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ಪ್ರತಿಫಲಕಗಳು ಇರತಕ್ಕದ್ದು.

ನೋಂದಾಯಿತ ಪೆಟ್ರೋಲ್ ದ್ವಿಚಕ್ರ ವಾಹನಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಅವುಗಳ ಮಾರ್ಪಾಡಿಗೆ ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52 ಅನ್ವಯಿಸುತ್ತದೆ.

2. ಅಪಾಯದ ಕಾರಣ

ಹಬ್ ಮೋಟಾರಿನಲ್ಲಿ ಚಕ್ರವು ಮುಂದಕ್ಕೆ ತಿರುಗುವಾಗ ಅಚ್ಚಿನ ಮೇಲೆ ಅಷ್ಟೇ ಬಲವು ಹಿಮ್ಮುಖವಾಗಿ ಬೀಳುತ್ತದೆ. ಸಾಮಾನ್ಯ ಸೈಕಲ್‌ನ ಫೋರ್ಕನ್ನು ಈ ಬಲಕ್ಕಾಗಿ ತಯಾರಿಸಿರುವುದಿಲ್ಲ. ಅಚ್ಚಿನ ಚಪ್ಪಟೆ ಮೈಗಳ ನಡುವಿನ ಅಂತರ ಸಾಮಾನ್ಯವಾಗಿ 10 ಮಿ.ಮೀ. ಮಾತ್ರ. ಉದಾಹರಣೆಗೆ, 40 ನ್ಯೂಟನ್-ಮೀಟರ್ ತಿರುಗುಬಲದ ಮೋಟಾರು ಅಚ್ಚು ಕೂರುವ ಸೀಳಿನ ಅಂಚುಗಳ ಮೇಲೆ ಸುಮಾರು 400 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಹಾಕುತ್ತದೆ. ಸೀಳು ಅಗಲಗೊಂಡರೆ ಅಚ್ಚು ತಿರುಗಿ, ಅದರೊಳಗಿನ ತಂತಿಗಳು ತುಂಡಾಗುತ್ತವೆ. ಮುಂಚಕ್ರವಾದರೆ ಓಡುತ್ತಿರುವಾಗಲೇ ಕಳಚಿ ಬೀಳಬಹುದು.

3. ಅಳವಡಿಸಬೇಕಾದ ಬಿಡಿಭಾಗಗಳು

ಅ) ಟಾರ್ಕ್ ಆರ್ಮ್: ಅಚ್ಚಿನ ಚಪ್ಪಟೆ ಮೈಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ತುದಿಯಲ್ಲಿ ಫ್ರೇಮಿಗೆ ಜೋಡಿಸುವ ಉಕ್ಕಿನ ಪಟ್ಟಿ. 10 ಸೆಂ.ಮೀ. ಉದ್ದದ ಪಟ್ಟಿಯ ತುದಿಯಲ್ಲಿ ಮೇಲಿನ ಬಲವು ಸುಮಾರು 40 ಕಿಲೋಗ್ರಾಂಗೆ ಇಳಿಯುತ್ತದೆ. ಬ್ರೇಕ್ ಹಿಡಿದಾಗ ಬ್ಯಾಟರಿ ಚಾರ್ಜ್ ಆಗುವ ಕಿಟ್‌ಗಳಲ್ಲಿ ಬಲವು ಎರಡೂ ದಿಕ್ಕುಗಳಲ್ಲಿ ಬೀಳುವುದರಿಂದ ಎರಡೂ ಬದಿಗೆ ಟಾರ್ಕ್ ಆರ್ಮ್ ಹಾಕುವುದು. ಅಲ್ಯೂಮಿನಿಯಂ ಫೋರ್ಕ್ ಮುನ್ಸೂಚನೆಯಿಲ್ಲದೆ ಮುರಿಯಬಹುದಾದ್ದರಿಂದ ಮುಂಚಕ್ರಕ್ಕೆ ಉಕ್ಕಿನ ಫೋರ್ಕ್ ಸೂಕ್ತ.

ಆ) ವಾಷರ್‌ಗಳು: ಕೊಂಡಿಯುಳ್ಳ ವಾಷರನ್ನು, ಅದರ ಕೊಂಡಿ ಸೀಳಿನೊಳಗೆ ಕೂರುವಂತೆ ಹಾಕುವುದು. ಸೀಳಿನ ಸುತ್ತ ತಗ್ಗು ಇದ್ದಲ್ಲಿ ನಟ್ ಸಮನಾಗಿ ಕೂರುವಂತೆ ಅದನ್ನು ಸೂಕ್ತ ವಾಷರ್‌ನಿಂದ ತುಂಬುವುದು.

ಇ) ಬ್ರೇಕ್ ಸ್ವಿಚ್: ಬ್ರೇಕ್ ಹಿಡಿದ ಕೂಡಲೇ ಮೋಟಾರಿನ ವಿದ್ಯುತ್ತನ್ನು ಕಡಿತಗೊಳಿಸುವ ಲಿವರ್‌ಗಳನ್ನು ಎರಡೂ ಕೈಗಳಿಗೆ ಅಳವಡಿಸುವುದು.

ಈ) ಫ್ಯೂಸ್: ಬ್ಯಾಟರಿಯ ವೋಲ್ಟೇಜಿಗೆ ತಕ್ಕ ಡಿ.ಸಿ. ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಆದಷ್ಟು ಸಮೀಪದಲ್ಲಿ ಹಾಕುವುದು. ಗೃಹಬಳಕೆಯ ಫ್ಯೂಸ್ ತಂತಿಯನ್ನು ಬಳಸಬಾರದು.

4. ಪರಿಶೀಲನೆ

ಮೊದಲ ಸವಾರಿಯ ನಂತರ ಅಚ್ಚಿನ ನಟ್‌ಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ಬಳಿಕ ನಿಯತವಾಗಿ ಪರೀಕ್ಷಿಸುವುದು. ನಟ್ ಹಾಗೂ ಅಚ್ಚಿನ ಮೇಲೆ ಬಣ್ಣದ ಒಂದೇ ಗೆರೆ ಎಳೆದಿಟ್ಟರೆ, ನಟ್ ಸಡಿಲಗೊಂಡಿದ್ದು ಕಣ್ಣಿಗೇ ತಿಳಿಯುತ್ತದೆ. ನಟ್ ಪದೇಪದೇ ಸಡಿಲವಾಗುತ್ತಿದ್ದರೆ ಅಚ್ಚು ಅಲುಗುತ್ತಿದೆಯೆಂದು ತಿಳಿದು, ಸವಾರಿ ನಿಲ್ಲಿಸಿ, ಫೋರ್ಕ್ ಹಾಗೂ ಫ್ರೇಮಿನಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡುವುದು. ಬಿರುಕು ಬಿಟ್ಟ ಭಾಗವನ್ನು ಬೆಸುಗೆ ಹಾಕಿ ಬಳಸದೆ ಬದಲಾಯಿಸತಕ್ಕದ್ದು.

ಗಮನಿಸಿ: ಕಿಟ್ ಖರೀದಿಸುವಾಗ ಟಾರ್ಕ್ ಆರ್ಮ್ ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಂಡು, ಮೋಟಾರಿನ ಸಾಮರ್ಥ್ಯ ನಮೂದಿಸಿದ ರಸೀದಿ ಪಡೆಯುವುದು. ವಾಹನವು ವಿನಾಯಿತಿಗೆ ಒಳಪಡುವ ಬಗ್ಗೆ ಸಂದೇಹವಿದ್ದಲ್ಲಿ, ರಸ್ತೆಗೆ ಇಳಿಸುವ ಮುನ್ನ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸುವುದು.