ಬ್ಲೆಂಡರನ್ನು ಬಿಡಿಸಿಕೊಂಡವರು

ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಗೊಂಬೆ ಮಾಡಿ ಕುಣಿಸಲು ಇವತ್ತು ಬ್ಲೆಂಡರ್ ಪುಕ್ಕಟೆ ಸಿಗುತ್ತದೆ. 2002ರಲ್ಲಿ ಅದು ಕೈತಪ್ಪಿ ಹೋಗುವುದರಲ್ಲಿತ್ತು.

ನೆದರ್ಲೆಂಡ್ಸಿನ ಟಾನ್ ರೋಸೆಂಡಾಲ್ 1994ರಲ್ಲಿ ತಮ್ಮ ಆನಿಮೇಷನ್ ಸ್ಟುಡಿಯೋಗೆಂದು ಬರೆಯತೊಡಗಿದ ತಂತ್ರಾಂಶವದು. ಮುಂದೆ ಅದಕ್ಕಾಗಿ ಕಟ್ಟಿದ ಕಂಪನಿ ಮುಚ್ಚಿತು. ಹಕ್ಕು ಹೂಡಿಕೆದಾರರ ಬಳಿ ಉಳಿಯಿತು. ಬಿಡಿಸಿಕೊಳ್ಳಲು 1,00,000 ಯೂರೋ ಬೇಕಿತ್ತು. ಟಾನ್ ಬಳಕೆದಾರರನ್ನೇ ಕೇಳಿದರು. ಏಳೇ ವಾರಗಳಲ್ಲಿ ಹಣ ಕೂಡಿತು! ಅಕ್ಟೋಬರ್ 13ರಂದು ಅದರ ಸೋರ್ಸ್ ಕೋಡ್ ಎಲ್ಲರದ್ದಾಯಿತು.

ಅದರಲ್ಲೇ ತಯಾರಾದ ಲಾಟ್ವಿಯಾದ ‘ಫ್ಲೋ’ 2025ರಲ್ಲಿ ಆಸ್ಕರ್ ಗೆದ್ದಿತು. ಅಲ್ಲಿ ಬೆಕ್ಕೇ ನಾಯಕ, ಮಾತೇ ಇಲ್ಲ. ನಿಮ್ಮ ಪಾತ್ರ ಮಾತಾಡಲಿ, ಮನೆಯಲ್ಲಿ ನೀವಾಡುವ ಕನ್ನಡದಲ್ಲೇ. ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಗುರುತಿಲ್ಲದ ಸಾವಿರಾರು ಜನ ನಿಮ್ಮ ಪಾಲಿನ ದುಡ್ಡನ್ನು ಅಂದೇ ಕಟ್ಟಿಬಿಟ್ಟಿದ್ದಾರೆ.